ಗಂಟೆ ಹಿಡಿದ ಹೆಂಗಸಿನ ಫೋಟೊ

ಕಾರಾ-ಬುಲಾಕ್ ಊರಿನ ಇತಿಹಾಸ ಸಂಘವನ್ನು ಕಟ್ಟಿದವರು ಜೂರಾ ಎಜೆ; ಎಜೆ ಅಂದರೆ ನಮ್ಮ ಕಡೆ ಅಕ್ಕ. ಹತ್ತೊಂಬತ್ತು ವರ್ಷದಿಂದ ಅದರ ಅಧ್ಯಕ್ಷೆಯೂ ಅವರೇ, ಕಸ ಗುಡಿಸುವವರೂ ಅವರೇ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ನಿವೃತ್ತರಾದ ಮೇಲಂತೂ ಗ್ರಂಥಾಲಯದ ಹಿಂದಿದ್ದ ಸಂಘದ ಕೋಣೆಯಲ್ಲೇ ಹಗಲೆಲ್ಲ ಇರುತ್ತಿದ್ದರು. ಊರಿನ ಮುದುಕ ಮುದುಕಿಯರು ಹೇಳಿದ್ದನ್ನೆಲ್ಲ ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಗುರುವಾರ ಗುರುವಾರ ಅದರಿಂದ ಓದಿ ಹೇಳುತ್ತಿದ್ದರು. ಕೇಳಲು ಎಂಟು ಜನ ಬರುತ್ತಿದ್ದೆವು. ಚಳಿಗಾಲದಲ್ಲಿ ಐದು, ಏಕೆಂದರೆ ನಮ್ಮ ಕೋಣೆಯ ಒಲೆ ಹೊಗೆ ಕಾರುತ್ತಿತ್ತು.

ಆ ವರ್ಷ ಐಚುರೊಕ್ ನಮ್ಮೂರಿಗೆ ಸೊಸೆಯಾಗಿ ಬಂದಳು. ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಸಿಕ್ಕಿತು, ಸಂಘಕ್ಕೂ ಸೇರಿದಳು. ಸೇರಿದ ಎರಡನೇ ವಾರವೇ ಕೇಳಿದಳು:

"ಎಜೆ, ಯಾವಾಗಲೂ ನಾವೇ ಯಾಕೆ ಮಾತಾಡ್ಬೇಕು? ಜನಾನೂ ಮಾತಾಡ್ಲಿ. ಮನೆಗೊಂದು ಹಳೇ ಸಾಮಾನು ತಂದು ಅದರ ಕಥೆ ಹೇಳ್ಲಿ."

"ಕಥೆ ಹೇಳೋದು ಇತಿಹಾಸ ಅಲ್ಲ ಕಣಮ್ಮ," ಎಂದರು ಜೂರಾ ಎಜೆ.

"ಅಲ್ಲ ನಿಜ. ಆದ್ರೆ ಕಥೆ ಅಂದ್ರೆ ಬರ್ತಾರೆ."

ಬಂದರು. ಕುದುರೆ ತಡಿ, ಚಹಾ ಕಾಯಿಸುವ ಸಮೋವಾರ್, ತೊಟ್ಟಿಲು ಹೊತ್ತುಕೊಂಡು ಬಂದರು. ಒಬ್ಬನಂತೂ ತೀರಿಹೋದ ಮಾವನ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದ. ಗ್ರಂಥಾಲಯದಿಂದ ಕುರ್ಚಿ ಎರವಲು ತರಬೇಕಾಯಿತು. ಐಚುರೊಕ್ ಮಕ್ಕಳನ್ನೂ ಬಿಡಲಿಲ್ಲ. ತರಗತಿಗಳನ್ನು ಹಳೇ ಸೇತುವೆಗೆ ಕರೆದುಕೊಂಡು ಹೋಗಿ, ಅದನ್ನು ಕಟ್ಟಿದವರ ಹೆಸರುಗಳನ್ನು ಹಾಡು ಕಟ್ಟಿ ಬಾಯಿಪಾಠ ಮಾಡಿಸಿದಳು. ಆ ಹೆಸರುಗಳನ್ನು ಒಂದೊಂದಾಗಿ ಹುಡುಕಿ ತೆಗೆದವರು ಜೂರಾ ಎಜೆ. ಅದಕ್ಕೆ ಅವರಿಗೆ ಆರು ವರ್ಷ ಹಿಡಿದಿತ್ತು.

"ಅಜ್ಜಿ, ಸೇತುವೆ ಕಟ್ಟಿದವರು ಯಾರ್‍ಯಾರು ಅಂತ ನಿಮಗೆ ಗೊತ್ತಾ? ಐಚುರೊಕ್ ಎಜೆ ಹೇಳ್ಕೊಟ್ಟಿದ್ದಾರೆ," ಎಂದು ಊಟದ ಹೊತ್ತಿನಲ್ಲಿ ಮೊಮ್ಮಗಳು ಹಾಡತೊಡಗಿದಾಗ ಜೂರಾ ಎಜೆ ತಟ್ಟೆ ಬಿಟ್ಟು ಎದ್ದುಬಿಟ್ಟರಂತೆ. ಇದನ್ನೆಲ್ಲ ಜೂರಾ ಎಜೆಯೇ ಆಮೇಲೆ ನನಗೆ ಹೇಳಿದ್ದು. ಐಚುರೊಕ್‌ಳ ನಗು, ಅವಳ ಹಸಿರು ಶಾಲು, ಬೀದಿಯಲ್ಲಿ ನಿಲ್ಲಿಸಿ ಅವಳ ಕೈಗೆ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ತುರುಕುವ ಹೆಂಗಸರು, ಒಂದೊಂದೂ ಅವರ ಕಣ್ಣು ಕುಕ್ಕುತ್ತಿತ್ತು. ನಮ್ಮೆದುರು ಅವಳ ಹೆಸರನ್ನೂ ಹೇಳುತ್ತಿರಲಿಲ್ಲ. "ಆ ಹಾಡೋಳು" ಎನ್ನುತ್ತಿದ್ದರು.

ಶಾಲೆಗೆ ಎಂಬತ್ತು ತುಂಬಿತು. ಸಂಘದ ವತಿಯಿಂದ ಹಳೇ ಫೋಟೊಗಳ ಪ್ರದರ್ಶನ ಮಾಡಬೇಕೆಂದಾಯಿತು. ಊರೆಲ್ಲ ಅಲೆದು ಫೋಟೊ ಕೂಡಿಸಿದವಳು ಐಚುರೊಕ್. ಒಂದು ಫೋಟೊ ಶಾಲೆಯ ಬೀರುವಿನಲ್ಲೇ ಸಿಕ್ಕಿತ್ತು: ಶಾಲೆ ತೆರೆದ ವರ್ಷದ್ದು. ಸಾಲಾಗಿ ನಿಂತ ಮಕ್ಕಳು, ನಡುವೆ ಶಾಲೆಯ ಗಂಟೆ ಹಿಡಿದ ಹೆಂಗಸು. ಅದನ್ನು ಜೂರಾ ಎಜೆಯ ಬಳಿ ತಂದಳು.

"ಎಜೆ, ಇವರು ಮೊದಲ ಮುಖ್ಯೋಪಾಧ್ಯಾಯಿನಿ ಉಲ್ಜಾನ್ ಅವರೇ ತಾನೇ? ಗಂಟೆ ಬೇರೆ ಹಿಡ್ಕೊಂಡಿದ್ದಾರೆ."

ಅಲ್ಲ ಎಂಬುದು ಜೂರಾ ಎಜೆಗೆ ಗೊತ್ತಿತ್ತು. ಅವಳು ಬಾತಿಯ್ನಾ, ಉಲ್ಜಾನಳ ಕೈಕೆಳಗಿದ್ದ ಶಿಕ್ಷಕಿ. ಹನ್ನೆರಡು ವರ್ಷದ ಹಿಂದೆಯೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು.

"ನೋಡಿ ಹೇಳ್ತೀನಿ," ಎಂದರು. ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಅವಳು ಮತ್ತೆ ಕೇಳಿದಾಗ, "ಎಲ್ಲಾ ನಿಂಗೇ ಗೊತ್ತಲ್ಲ. ತೋಚಿದ ಹಾಗೆ ಬರಿ," ಎಂದರು.

ಪ್ರದರ್ಶನದ ದಿನ ಜೂರಾ ಎಜೆ ತಮ್ಮ ಒಳ್ಳೇ ಸ್ಕಾರ್ಫ್ ಕಟ್ಟಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತರು. ಯಾರಾದರೂ ಹಳೇ ಮೇಷ್ಟ್ರು ತಪ್ಪನ್ನು ಎತ್ತಿ ಆಡಲಿ, ನಾಲ್ಕು ಜನರೆದುರು ಆ ಹಾಡೋಳ ಮುಖ ಕಪ್ಪಿಡಲಿ ಎಂದು ಕಾಯುತ್ತಿದ್ದರು. ಸಕಿಶ್ ಅಪಾ ಬರುತ್ತಾರೆಂದು ಮಾತ್ರ ಎಣಿಸಿರಲಿಲ್ಲ. ಊರವರೆಲ್ಲ ಅಪಾ, ಅಂದರೆ ಹಿರಿಯಮ್ಮ, ಎನ್ನುತ್ತಿದ್ದ ಎಂಬತ್ತನಾಲ್ಕರ ಆ ಮುದುಕಿ ಮಂಡಿ ನೋವಿನಿಂದ ಮನೆ ಬಿಟ್ಟು ಹೊರಬಂದು ಎರಡು ವರ್ಷವಾಗಿತ್ತು. ಐಚುರೊಕ್ ಗಂಡನಿಗೆ ಹೇಳಿ ಅಂಥವರನ್ನೆಲ್ಲ ಕಾರಿನಲ್ಲಿ ಕರೆಸಿದ್ದಳು.

ಅಪಾ ಕೋಲೂರಿಕೊಂಡು ಆ ಫೋಟೊದ ಮುಂದೆ ನಿಂತರು. ಕೆಳಗೆ ಉಲ್ಜಾನ್ ಎಂದು ಬರೆದಿದ್ದ ಚೀಟಿಯನ್ನು ಅಕ್ಷರ ಅಕ್ಷರವಾಗಿ ಓದಿದರು. ಸುತ್ತ ನೋಡಿದರು.

"ಇದು ನಮ್ಮಮ್ಮ," ಎಂದರು. "ಇವಳಿಗ್ಯಾಕೆ ಬೇರೆಯವರ ಹೆಸರು ಹಾಕಿದ್ದೀರಿ?"

ಜೂರಾ ಎಜೆ ಬಯಸಿದ ಗಳಿಗೆ ಬಂದಿತ್ತು. ಆದರೆ ಅವರು ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡರು.

ಐಚುರೊಕ್ ಕೆಂಪೇರಿದಳು. ಚೀಟಿ ಕಿತ್ತು ತೆಗೆದು ಮುದುಕಿಯ ಕೈ ಹಿಡಿದುಕೊಂಡಳು. "ತಪ್ಪು ನಂದು ಅಪಾ. ಅಮ್ಮನ ಹೆಸರು ಹೇಳಿ, ಈಗ್ಲೇ ಬರೀತೀನಿ." ಕುರ್ಚಿ ತರಿಸಿ ಫೋಟೊದ ಪಕ್ಕದಲ್ಲೇ ಕೂರಿಸಿದಳು. ಅಪಾ ಅಮ್ಮನ ಬಗ್ಗೆ ಮಾತಾಡತೊಡಗಿದವರು ಒಂದು ಗಂಟೆ ನಿಲ್ಲಿಸಲಿಲ್ಲ. ಜನ ಬೇರೆ ಫೋಟೊಗಳನ್ನು ಬಿಟ್ಟು ಅಲ್ಲೇ ಮುತ್ತಿಕೊಂಡರು. ಕೆಲವರು ಕಣ್ಣೊರೆಸಿಕೊಂಡರು. ಅಪಾ ಕೊನೆಗೆ ಐಚುರೊಕ್‌ಳ ತಲೆ ಸವರಿ ಹರಸಿದರು. ಬಿದ್ದರೂ ಮೆತ್ತಗಿನ ಜಾಗಕ್ಕೇ ಬೀಳುತ್ತಾಳಲ್ಲ ಇವಳು ಎಂದು ಜೂರಾ ಎಜೆಯ ಹೊಟ್ಟೆ ಇನ್ನಷ್ಟು ಉರಿಯಿತು.

ಹೊರಡುವಾಗ ಅಪಾ ಜೂರಾ ಎಜೆಯನ್ನು ಕಂಡರು. "ಜೂರಾ, ನೀನೂ ಇಲ್ಲೇ ಇದ್ದೀಯಾ? ನಮ್ಮನೇಲಿರೋ ಇದೇ ಫೋಟೊ ನಿಂಗೆ ತೋರ್ಸಿದ್ನಲ್ಲೇ. ನೀನು ಬರ್ಕೊಂಡೂ ಹೋಗಿದ್ದೆ."

ಐಚುರೊಕ್ ಪಕ್ಕದಲ್ಲೇ ಇದ್ದಳು. ಜನ ಹೋದ ಮೇಲೆ ಕುರ್ಚಿ ಮಡಚುತ್ತ ಕೇಳಿದಳು:

"ನಿಮಗೆ ಗೊತ್ತಿತ್ತಾ ಎಜೆ?"

"ಗೊತ್ತಿತ್ತು."

"ಮತ್ತೆ?"

"ನೀನು ತಪ್ಪೋದನ್ನ ನೋಡ್ಬೇಕು ಅನ್ನಿಸ್ತು."

ಐಚುರೊಕ್ ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿದಳು. "ನನಗೆ ಮಾಡಿದ್ದು ಹಾಳಾಗ್ಲಿ. ಆ ಅಪಾ ನಿಮಗೇನು ಮಾಡಿದ್ರು?" ಎಂದು ಹೇಳಿ, ಶಾಲು ಹೊದ್ದು ಹೊರಟುಹೋದಳು.

ಮರುದಿನ ಬೆಳಗ್ಗೆ ಜೂರಾ ಎಜೆ ಚಹಾಪುಡಿ, ಸಕ್ಕರೆ ಕಟ್ಟಿಕೊಂಡು ಸಕಿಶ್ ಅಪಾ ಮನೆಗೆ ಹೋದರು. ಏನನ್ನೂ ಮುಚ್ಚಿಡದೆ ಹೇಳಿದರು. ಬೈಯುತ್ತಾರೆಂದುಕೊಂಡಿದ್ದರು. ಅಪಾ ಬಟ್ಟಲು ಕೆಳಗಿಟ್ಟು ಭುಜ ಕುಲುಕಿಸಿ ನಗತೊಡಗಿದರು.

"ಬೇರೆ ಯಾರ ಹೆಸರಾಗಿದ್ರೂ ನಂಗಷ್ಟು ಸಂಕಟ ಆಗ್ತಿರ್ಲಿಲ್ಲ ಜೂರಾ. ನಮ್ಮಮ್ಮಂಗೂ ಉಲ್ಜಾನ್‌ಗೂ ಒಬ್ಬರ ಕಂಡ್ರೆ ಒಬ್ಬರಿಗೆ ಆಗ್ತಿರ್ಲಿಲ್ಲ. ಗಂಟೆ ಯಾರು ಬಾರಿಸ್ಬೇಕು ಅನ್ನೋದಕ್ಕೆ ಎರಡು ವರ್ಷ ಮಾತು ಬಿಟ್ಟಿದ್ರು. ಫೋಟೊ ತೆಗೆಯೋ ದಿನ ನಮ್ಮಮ್ಮ ಗಂಟೆ ಕದ್ದು ಶಾಲಲ್ಲಿ ಬಚ್ಚಿಟ್ಕೊಂಡಿದ್ಲು. ಉಲ್ಜಾನ್ ಫೋಟೊದಲ್ಲಿ ಯಾಕಿಲ್ಲ ಗೊತ್ತಾ? ಹಿತ್ತಲಲ್ಲಿ ಗಂಟೆ ಹುಡುಕ್ತಾ ಇದ್ಲು."

ಜೂರಾ ಎಜೆಗೂ ನಗು ತಡೆಯಲಾಗಲಿಲ್ಲ. ಮನೆಗೆ ಬಂದು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆದರು. ನೆಟ್ಟಗೆ ಶಾಲೆಗೆ ನಡೆದು ಐಚುರೊಕ್‌ಗೆ ತೋರಿಸಿದರು. ಅವಳು ಮುಖ ಬಿಗಿದುಕೊಂಡೇ ಓದತೊಡಗಿದಳು. ಹಿತ್ತಲಿನ ವಿಷಯಕ್ಕೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದಳು. "ಇದನ್ನ ನಾನು ಹೇಳಬಹುದಾ?" ಎಂದಷ್ಟೇ ಕೇಳಿದಳು.

ಗುರುವಾರ ಕೋಣೆ ತುಂಬಿತ್ತು. ಐಚುರೊಕ್ ಇಬ್ಬರು ಹೆಂಗಸರ ದನಿಯಲ್ಲೂ ಮಾತಾಡಿ, ಜನರನ್ನು ಬಿದ್ದು ಬಿದ್ದು ನಗಿಸಿದಳು. "ಪಾಪ ಉಲ್ಜಾನ್ ಕುದುರೆ ಲಾಯದಲ್ಲೆಲ್ಲ ಹುಡುಕ್ತಾ ಇದ್ರು," ಎಂದಳು.

"ಲಾಯ ಅಲ್ಲ, ಹಿತ್ತಲು," ಹಿಂದಿನ ಸಾಲಿನಿಂದ ಜೂರಾ ಎಜೆಯ ದನಿ ಬಂತು.

ಎಲ್ಲರೂ ತಿರುಗಿದರು. "ಹಾಗಾದ್ರೆ ಮುಂದೆ ಬಂದು ನೀವೇ ಹೇಳಿ ಎಜೆ," ಎಂದಳು ಐಚುರೊಕ್. ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಖಾರವಿತ್ತು. ಜೂರಾ ಎಜೆ ಎದ್ದರು. ಕೂತವರು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಉಳಿದದ್ದನ್ನು ಅವರೇ ಹೇಳಿ ಮುಗಿಸಿದರು.

ಮನೆಗೆ ಹೋಗುವ ದಾರಿಯಲ್ಲಿ ಅವರು ನನ್ನನ್ನು ಎರಡು ಸಲ ಕೇಳಿದರು, ಜನ ಯಾರ ಮಾತಿಗೆ ಹೆಚ್ಚು ನಕ್ಕರು ಎಂದು. ಇಬ್ಬರಿಗೂ ಸಮ ಸಮ ಎಂದು ನಾನು ಎರಡು ಸಲವೂ ಸುಳ್ಳು ಹೇಳಿದೆ.