ನಾಲ್ಕು ಗಂಟೆಗೆ ಸೆರೊಕ್ ಏಳುತ್ತದೆ

ವಿದುರಿ ಫೋನ್ ಮಾಡುವ ಹುಡುಗಿಯಲ್ಲ. ಕ್ಲಾತೆನ್‌ನ ಒಂದು ಪುಟ್ಟ ರೇಡಿಯೋ ಕೇಂದ್ರದಲ್ಲಿ ಕೆಲಸ, ಬಿಡುವಿನಲ್ಲಿ ನನ್ನ ಸೆರೊಕ್‌ಗೆ ಕೈಜೋಡಿಸುತ್ತಾಳೆ, ಏನಿದ್ದರೂ ಬರೆದೇ ಕಳಿಸುತ್ತಾಳೆ. ಆ ಭಾನುವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಅವಳ ಫೋನ್ ಬಂದಾಗಲೇ ಏನೋ ಕೆಟ್ಟಿದೆ ಎಂದುಕೊಂಡೆ.

ಸೆರೊಕ್ ಅಂದರೆ ಮೀನು ಗೋರುವ ಬಲೆ. ಇಂಟರ್ನೆಟ್ಟಿನಿಂದ ವಿಡಿಯೋ ಇಳಿಸಿಕೊಳ್ಳಲು ಹನ್ನೊಂದು ವರ್ಷದ ಹಿಂದೆ ನಾನು ಬರೆದ ಪ್ರೋಗ್ರಾಂಗೆ ಆ ಹೆಸರಿಟ್ಟೆ. ಪುಕ್ಕಟೆ. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬಳಸುವವರು ಸಾವಿರಾರು ಜನ, ನೋಡುವವರು ಮಾತ್ರ ನಾವಿಬ್ಬರೇ.

"ಊಟ ಆಯ್ತಾ ಪಾಕ್ ಹರ್ಸೊಯೊ? ಮನೇಲಿ ಅಮ್ಮಾವ್ರು ಆರಾಮಾ?" ಪಾಕ್ ಅಂದರೆ ನಮ್ಮ ಕಡೆ ಹಿರಿಯರನ್ನು ಕರೆಯುವ ಗೌರವದ ಮಾತು.

"ಆರಾಮು. ವಿಷಯ ಹೇಳು."

"ಮಲಗಿದ್ರೇನೋ, ತೊಂದ್ರೆ ಕೊಟ್ನೇನೋ..."

"ವಿದುರಿ!"

"ಸೆರೊಕ್‌ನಲ್ಲಿ ಒಂದು ತೂತಿದೆ ಪಾಕ್. ಇವತ್ತು ಯಾರೋ ಅದರೊಳಗೆ ಕೈ ಹಾಕಿದಾರೆ."

ಯಾರೋ ಒಂದು ವಿಡಿಯೋದ ಹೆಸರಿನೊಳಗೆ ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನು ಅಡಗಿಸಿಟ್ಟಿದ್ದರು. ವಿಡಿಯೋ ಇಳಿಸಿ ಅದನ್ನು ಆಡಿಯೋ ಮಾಡುವಾಗ ಸೆರೊಕ್ ಆ ಹೆಸರನ್ನು ಹಿಂದುಮುಂದು ನೋಡದೆ ಕಂಪ್ಯೂಟರಿಗೆ ಒಪ್ಪಿಸುತ್ತಿತ್ತು. ಕಂಪ್ಯೂಟರ್ ಅದನ್ನು ಆಜ್ಞೆಯೆಂದೇ ಪಾಲಿಸುತ್ತಿತ್ತು: ಇರುವುದನ್ನೆಲ್ಲ ಅಳಿಸು. ಬೆಳಿಗ್ಗೆ ತೆಗಲ್‌ನಲ್ಲಿ ಒಬ್ಬರ ಕಂಪ್ಯೂಟರ್ ಬರಿದಾಗಿತ್ತು. ಆ ವಿಡಿಯೋ ಹಾಕಿದ ಚಾನೆಲ್ ವಿದುರಿಯ ರೇಡಿಯೋದ ಪಟ್ಟಿಯಲ್ಲೂ ಇತ್ತು. ಅಲ್ಲಿ ದಿನಾ ನಾಲ್ಕು ಗಂಟೆಗೆ ಸೆರೊಕ್ ತಾನಾಗಿಯೇ ಎದ್ದು ಹೊಸದನ್ನೆಲ್ಲ ಇಳಿಸುತ್ತದೆ.

"ಹೋಗಿ ಕಂಪ್ಯೂಟರ್ ಆರಿಸಮ್ಮ, ಮತ್ತೇನು!"

"ರೂಮಿಗೆ ಬೀಗ ಹಾಕಿದೆ. ಕೀ ನಮ್ಮ ಮುಖ್ಯಸ್ಥರು ಪಾಕ್ ಮರ್ಗೊನೊ ಜೇಬಲ್ಲಿ. ಅವರ ಮಗಳ ಮದುವೆ ಇವತ್ತು. ರೇಡಿಯೋದೋರೆಲ್ಲ ಮದುವೆಮನೇಲಿ, ಬೊಯೊಲಾಲಿಯಲ್ಲೇ ಇದೀವಿ."

"ಹೋಗಿ ಕೇಳು."

"ಮದುಮಕ್ಕಳು ಅವರ ಮೊಣಕಾಲಿಗೆ ಹಣೆ ಇಟ್ಟು ಆಶೀರ್ವಾದ ಬೇಡ್ತಿದಾರೆ. ಎಲ್ರೂ ಅಳ್ತಿದಾರೆ ಪಾಕ್. ಈಗ ಹೇಗೆ..."

ಆ ಕಂಪ್ಯೂಟರಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಅವಳ ಅಪ್ಪ ಕಿ ಸುವಿತೊ ತೊಗಲುಗೊಂಬೆ ಆಡಿಸುತ್ತಿದ್ದರು. ತೀರಿಕೊಂಡು ಆರು ವರ್ಷ. ಅವರ ನಲವತ್ತು ಆಟಗಳ ಧ್ವನಿ ಉಳಿದಿದ್ದು ಅದೊಂದರಲ್ಲೇ. ಟೇಪುಗಳಿಗೆ ಬೂಷ್ಟು ಹಿಡಿದು ಎಸೆದಾಗಿತ್ತು, ಇನ್ನೊಂದು ಪ್ರತಿ ಮಾಡಿಡಲು ಯಾರಿಗೂ ಪುರುಸೊತ್ತಿರಲಿಲ್ಲ.

"ಫೋನಿಡಬೇಡ," ಅಂದೆ. "ಸೆರೊಕ್ ಏಳೋ ಮುಂಚೆ ಹೊಸ ಆವೃತ್ತಿ ಬಂದಿದೆಯಾ ಅಂತ ನೋಡುತ್ತೆ. ಅಷ್ಟರಲ್ಲಿ ತೂತು ಮುಚ್ಚಿ ಹಾಕ್ತೀನಿ. ಎಲ್ಲಿದೆ ಅಂತ ಗೊತ್ತಾ ನಿಂಗೆ?"

"ಲೆಬರಾನ್ ಹಬ್ಬದಲ್ಲಿ ಬರೆದಿದ್ನಲ್ಲ ಪಾಕ್."

ಹುಡುಕಿ ತೆಗೆದೆ. ಎರಡು ತಿಂಗಳ ಹಿಂದಿನ ಪತ್ರ. ಹಬ್ಬದ ವಾರ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ನನಗೆ ಇನ್ನೂರು ಪತ್ರ ಬಂದಿದ್ದವು. ಒಂದೊಂದರದೂ ಮೊದಲ ಸಾಲು ಮಾತ್ರ ಓದಿ ಎಲ್ಲರಿಗೂ ಒಂದೇ ಉತ್ತರ ಒತ್ತಿದ್ದೆ: ನನ್ನ ತಪ್ಪನ್ನೂ ಮನ್ನಿಸಿ. ಅವಳದರಲ್ಲಿ ಮೂರು ಪ್ಯಾರಾ ಕ್ಷಮೆ. ನಾಲ್ಕನೆಯದರಲ್ಲಿ, ತಮಗೆ ಬಿಡುವಾದಾಗ, ಬೇಸರವಿಲ್ಲದಿದ್ದರೆ, ನೂರ ಹನ್ನೆರಡನೇ ಸಾಲನ್ನು ಒಮ್ಮೆ ನೋಡಬಹುದೇ ಎಂದಿತ್ತು. ತೂತು ಇದ್ದದ್ದು ಅದೇ ಸಾಲಿನಲ್ಲಿ.

"ಆಮೇಲೆ ಯಾಕೆ ಜ್ಞಾಪಿಸಲಿಲ್ಲ?"

"ನೀವು ತಪ್ಪು ಒಪ್ಪಿಕೊಂಡು ಬರೆದ್ರಿ, ಸರಿಮಾಡ್ತಿದೀರಿ ಅಂದ್ಕೊಂಡೆ. ದೊಡ್ಡೋರನ್ನ ಎಷ್ಟು ಸಲ ಕೆದಕೋದು?"

ಕೋಡ್ ತಿದ್ದಿ ಬರೆಯತೊಡಗಿದೆ. ಆ ಸಾಲು ನಾನೇ ಬರೆದದ್ದು. ತಿದ್ದಿದ್ದು ಮೊದಲ ಪರೀಕ್ಷೆಯಲ್ಲಿ ಕೆಟ್ಟಿತು, ಎರಡನೆಯದರಲ್ಲೂ ಕೆಟ್ಟಿತು. ಅತ್ತ ಫೋನಿನಲ್ಲಿ ಗಮೆಲಾನ್ ವಾದ್ಯ, ಯಾರದೋ ಬಿಕ್ಕು. ಮೂರೂ ಹತ್ತಕ್ಕೆ ಹೊಸ ಆವೃತ್ತಿಯನ್ನು ಲೋಕಕ್ಕೆ ಬಿಟ್ಟು ಕುರ್ಚಿಗೆ ಒರಗಿದೆ.

"ಆಯ್ತು ತಾಯಿ, ನಿಮ್ಮದು ಬಚಾವು."

"ಅದು ಪಾಕ್... ಒಂದು ಮಾತು..."

"ಏನಾಯ್ತು?"

"ಹೋದ ವರ್ಷ ನಿಮ್ಮ ಹೊಸ ಆವೃತ್ತಿಯಿಂದ ಬೆಳಗಿನ ವಾರ್ತೆ ನಿಂತೋಯ್ತಲ್ಲ ಪಾಕ್. ಆಗಿನಿಂದ ನಾವು... ಹೊಸದನ್ನ ತಾನಾಗಿ ತಗೊಳ್ಳೋದನ್ನ ನಿಲ್ಲಿಸಿದೀವಿ."

"ಇಷ್ಟೊತ್ತೂ ಯಾಕೆ ಹೇಳಲಿಲ್ಲ, ಮಾರಾಯ್ತಿ!"

"ಅಷ್ಟು ಕಷ್ಟಪಟ್ಟು ಬರೀತಿದ್ರಿ. ಬೇಜಾರಾಗುತ್ತೇನೋ ಅಂತ..."

ನಾನು ಕಿರುಚಿದೆ. ಅರವತ್ತರ ಹತ್ತಿರದವನು, ಅಕ್ಕಪಕ್ಕದವರು ಇಣುಕುವ ಹಾಗೆ ಕಿರುಚಿದೆ. "ನಿಮ್ಮಪ್ಪನ ದನಿ ಹೋಗ್ತಿದೆ! ನಾನು ಬೇಜಾರಾದ್ರೆ ಏನಾಗುತ್ತೆ? ಮರ್ಗೊನೊ ಬೇಜಾರಾದ್ರೆ ಏನಾಗುತ್ತೆ? ಮಂಟಪ ಹತ್ತಿ ಕೀ ಕೇಳು!"

ಚಪ್ಪಲಿ ಸದ್ದು ಕೇಳಿಸಿತು, ಆಮೇಲೆ ಮರದ ಮೆಟ್ಟಿಲು. ಗಮೆಲಾನ್ ನಿಂತಿತು. ಮದುವೆಮನೆಯ ಮೈಕಿನಲ್ಲಿ ಅವಳ ದನಿ ಒಡೆದು ಮೊಳಗಿತು.

"ಪಾಕ್ ಮರ್ಗೊನೊ, ರೂಮಿನ ಕೀ ಕೊಡಿ. ಈಗಲೇ."

ಯಾರೋ ಗದರಿದರು, ಹೆಂಗಸರು ಗುಸುಗುಸು ಎಂದರು. ನಂತರ ಸ್ಕೂಟರಿನ ಸದ್ದು, ಗಾಳಿ, ಕಡಿದುಹೋದ ಕರೆ. ಗಡಿಯಾರ ನೋಡಿದೆ: ಮೂರೂ ಇಪ್ಪತ್ತೈದು. ಅಲ್ಲಿಂದ ರೇಡಿಯೋಗೆ ನಲವತ್ತು ನಿಮಿಷದ ದಾರಿ.

ನನಗೆ ಮಾಡಲು ಏನೂ ಉಳಿದಿರಲಿಲ್ಲ. ತೂತು ಎಲ್ಲಿತ್ತು, ಯಾರು ಯಾವಾಗ ಹೇಳಿದ್ದರು, ನಾನು ಓದಲಿಲ್ಲ ಎಂಬುದನ್ನು ನನ್ನ ಹೆಸರು ಹಾಕಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. ನಾಲ್ಕಾಯಿತು. ನಾಲ್ಕೂ ಐದಾಯಿತು. ಚಹಾ ತಂದಿಟ್ಟ ಹೆಂಡತಿಯ ಮೇಲೆ ಸಿಡುಕಿದೆ.

ನಾಲ್ಕೂ ಹದಿನಾಲ್ಕಕ್ಕೆ ಫೋನ್ ಬಂತು. ಊಟ ಆಯ್ತಾ ಅಂತ ಅವಳು ಕೇಳಲಿಲ್ಲ.

"ನಾನು ವೈರ್ ಕಿತ್ತಾಗ ಅಳಿಸೋದು ಶುರುವಾಗಿತ್ತು."

"ಅಪ್ಪಂದು?"

"ಹದಿನೇಳು ಉಳಿದಿವೆ. ಇಪ್ಪತ್ತಮೂರು ಹೋದ್ವು."

ಸದ್ಯ ಅಷ್ಟಾದರೂ ಉಳಿಯಿತಲ್ಲ ಎನ್ನಲು ಬಾಯಿ ತೆರೆದೆ.

"ನೀವು ಓದಿದ್ರೆ ನಲವತ್ತೂ ಇರ್ತಿದ್ವು," ಅಂದಳು ವಿದುರಿ. ಹೋಗಿಬರ್ತೀನಿ ಎಂದು ಕೂಡ ಹೇಳದೆ ಫೋನಿಟ್ಟಳು.