ಕಾರಿನ ಎಸಿ ಗ್ಯಾಸೂ ಇವರ ಬೆರಳೂ

ಏಪ್ರಿಲ್ ತಿಂಗಳಲ್ಲಿ ಕೂಳೂರು ಸೇತುವೆ ದಾಟುವಾಗ ಕಾರಿನ ಗಾಜು ಇಳಿಸಿದರೆ ಲಾರಿಗಳ ಧೂಳು, ಏರಿಸಿದರೆ ಬೇಯುವ ಸೆಕೆ. ನಮ್ಮ ಮಗಳು ಯಶ್ಮಿತಾಳಿಗೆ ಎಂಟು ವರ್ಷ. ಅವಳಿಗೆ ದಮ್ಮಿನ ತೊಂದರೆ ಇದೆ. ಧೂಳು ತಾಗಿದರೆ ಎರಡು ದಿನ ಎದೆ ಸುಂಯ್‌ಗುಡುತ್ತದೆ. ಗಾಜು ಮುಚ್ಚಿ, ಎಸಿ ಹಾಕಿಯೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮ ಹಳೆಯ ಕಾರಿನ ಎಸಿಯಿಂದ ಈ ಬೇಸಿಗೆಯಲ್ಲೂ ಬಿಸಿ ಗಾಳಿಯೇ ಬಂತು.

ನನ್ನ ಗಂಡ ರಿತೇಶ್ ಮೀನಿನ ವ್ಯಾಪಾರಿ. ಬೆಳಿಗ್ಗೆ ಮೀನುಗಾರಿಕೆ ಬಂದರಿಗೆ, ಅಂದರೆ ದಕ್ಕೆಗೆ ಹೋಗಿ, ಬೋಟಿನಿಂದ ಇಳಿಯುವ ಮೀನು ಕೊಂಡು ತಂದು ಮಾರುತ್ತಾರೆ. ಬಂಗುಡೆಯ ಬೆನ್ನನ್ನು ಬಲಗೈಯ ತೋರುಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಇವತ್ತಿನದ್ದೋ ನಿನ್ನೆಯದ್ದೋ ಎಂದು ಹೇಳಿಬಿಡುತ್ತಾರೆ. ಮೀನಿನ ಕಣ್ಣು ನೋಡಿ ಮೋಸ ಹೋದವರು ಎಷ್ಟೋ ಜನ. ಇವರ ಬೆರಳು ಮೋಸ ಹೋದದ್ದನ್ನು ನಾನು ನೋಡಿಲ್ಲ. ನಮ್ಮ ಮನೆ ನಡೆಯುತ್ತಿದ್ದುದು ಆ ಬೆರಳಿನಿಂದ.

ಹಿಂದಿನ ಎರಡು ಬೇಸಿಗೆಯಲ್ಲೂ ದಾರಿ ಬದಿಯ ಅಂಗಡಿಯಲ್ಲಿ ಕಾರಿಗೆ ಗ್ಯಾಸ್ ತುಂಬಿಸಿದ್ದೆವು. ಎರಡು ತಿಂಗಳು ತಂಪು, ಆಮೇಲೆ ಮತ್ತೆ ಬಿಸಿ. ಈ ಸಲ ಇವರು ಮೊಬೈಲಿನಲ್ಲಿ ವಿಡಿಯೋ ನೋಡಿ, ಗ್ಯಾಸಿನ ಸಣ್ಣ ಡಬ್ಬಿಯನ್ನೂ ಅದಕ್ಕೆ ಸಿಕ್ಕಿಸುವ ಪೈಪನ್ನೂ ತರಿಸಿಕೊಂಡರು.

ನಮ್ಮ ಹಿತ್ತಲಿನಾಚೆಯ ಮನೆಯ ಸೈಮನ್ ಇವರ ಶಾಲೆಯ ಗೆಳೆಯ. ವಾಹನಗಳ ಎಸಿ ರಿಪೇರಿಯೇ ಅವರ ಕೆಲಸ. ಆ ಭಾನುವಾರ ಚರ್ಚಿಗೆ ಹೊರಟವರು ಡಬ್ಬಿಯನ್ನು ನೋಡಿ ಕಂಪೌಂಡಿನ ಆಚೆಯೇ ನಿಂತರು.

“ಎಂತ ಮಾರಾಯ, ನನ್ನ ಅಂಗಡಿ ಮುಚ್ಚಿಸುವ ಅಂದಾಜು ಉಂಟಾ?”

“ನಿನ್ನ ಹತ್ತಿರ ಬಿಟ್ರೆ ಎರಡು ದಿನ ಗಾಡಿ ಇಟ್ಟುಕೊಳ್ತಿ. ನಾನು ಮೀನು ತಲೆಯಲ್ಲಿ ಹೊರುವುದಾ? ಇದು ಹತ್ತು ನಿಮಿಷದ ಕೆಲಸ.”

“ಗ್ಯಾಸ್ ಅಂದ್ರೆ ಪೆಟ್ರೋಲಾ, ಓಡಿದ ಹಾಗೆ ಖರ್ಚಾಗ್ಲಿಕ್ಕೆ? ಅದು ಪೈಪಿನ ಒಳಗೇ ಸುತ್ತುವಂಥದ್ದು. ಕಡಿಮೆ ಆಗಿದೆ ಅಂದ್ರೆ ಎಲ್ಲಿಯೋ ಸೋರ್ತಾ ಉಂಟು. ಮೊದಲು ಅದನ್ನು ಹುಡುಕ್ಬೇಕು. ಮತ್ತೆ, ಅದು ಕೈಗೆ ಹಾರಿದ್ರೆ ಐಸಿಗಿಂತ ಎಷ್ಟೋ ಪಾಲು ತಣ್ಣಗೆ. ಚರ್ಮ ಸುಟ್ಟೇ ಹೋಗ್ತದೆ.”

ಇವರು ನಕ್ಕರು. “ಹುಟ್ಟಿದಲ್ಲಿಂದ ಐಸಿನಲ್ಲೇ ಕೈ ಹಾಕಿದವ ನಾನು. ನನ್ನನ್ನು ಚಳಿ ಅಂತ ಹೆದರಿಸ್ಬೇಡ.”

ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸಾದರೂ ಹಾಕು ಎಂದು ಹೇಳಿ ಸೈಮನ್ ಹೋದರು. ಇವರು ಎರಡನ್ನೂ ಹಾಕಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಇಂಜಿನ್ ಚಾಲೂ ಮಾಡಿ, ಪೈಪು ಸಿಕ್ಕಿಸಿ, ಡಬ್ಬಿಯನ್ನು ತಲೆಕೆಳಗಾಗಿ ಹಿಡಿದರು. ಪೈಪಿನ ಬಾಯಿ ಸಡಿಲವಿತ್ತು. ಗ್ಯಾಸ್ ಬುಸ್ ಎಂದು ಬಿಳಿ ಹೊಗೆಯಂತೆ ಹಾರಿತು. ಮೀನಿನ ಪೆಟ್ಟಿಗೆಯ ತೂತಿನಿಂದ ನೀರು ಸೋರಿದರೆ ಬೆರಳಿಟ್ಟು ಮುಚ್ಚುವುದು ಇವರ ಅಭ್ಯಾಸ. ಇಲ್ಲಿಯೂ ಹಾಗೆಯೇ ಬೆರಳಿಟ್ಟು ಅದುಮಿ ಹಿಡಿದರು. ಡಬ್ಬಿ ಖಾಲಿಯಾಗುವವರೆಗೂ ಬಿಡಲಿಲ್ಲ.

ಕೈ ತೆಗೆದಾಗ ಬಲಗೈಯ ತೋರುಬೆರಳೂ ನಡುಬೆರಳೂ ಮೇಣದ ಬತ್ತಿಯಂತೆ ಬೆಳ್ಳಗಾಗಿದ್ದವು. ನೋವೇ ಇಲ್ಲ ಎಂದರು. ದಕ್ಕೆಯಲ್ಲಿ ಐಸಿನಿಂದ ಕೈ ಮರಗಟ್ಟಿದರೆ ಎಲ್ಲರೂ ಜೋರಾಗಿ ಉಜ್ಜಿಕೊಂಡು, ಚಹಾದಂಗಡಿಯ ಒಲೆಗೆ ಹಿಡಿಯುತ್ತಾರೆ. ಇವರೂ ಉಜ್ಜುತ್ತಾ ಅಡುಗೆಮನೆಗೆ ಬಂದರು. ಒಲೆ ಹಚ್ಚಿ ಕೊಟ್ಟದ್ದು ನಾನೇ.

ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಇವರು ಇನ್ನೂ ಹತ್ತಿರ ಹಿಡಿದರು. ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ನಾನು ಒಲೆ ಆರಿಸಿದ್ದು. ಯಶ್ಮಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಚರ್ಚಿನಿಂದ ಬಂದ ಸೈಮನ್ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕೈ ಮುಳುಗಿಸಿ, ಉಜ್ಜಬಾರದೆಂದು ಹೇಳಿ, ತಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಚಳಿ ಸುಟ್ಟದ್ದರ ಮೇಲೆ ಬೆಂಕಿಯೂ ಸುಟ್ಟಿದೆ ಎಂದರು ಡಾಕ್ಟರು. ಕೆಲವು ವಾರಗಳಲ್ಲಿ ತೋರುಬೆರಳಿನ ತುದಿ ಕಪ್ಪಾಯಿತು. ಅದನ್ನು ತೆಗೆಯಬೇಕಾಯಿತು. ನಡುಬೆರಳು ಉಳಿದಿದೆ, ಅದರಲ್ಲಿ ಸ್ಪರ್ಶ ಉಳಿದಿಲ್ಲ.

ಮನೆಗೆ ಬಂದ ಮೇಲೆ ಒಂದು ಸಂಜೆ ಇವರು ಮಗಳು ಕೆಮ್ಮುವುದನ್ನು ಕೇಳಿ, “ಕಾರನ್ನು ಸೈಮನ್‌ಗೆ ಕೊಡು” ಎಂದರು. ಅಷ್ಟೇ.

ಸೈಮನ್ ಪೈಪಿಗೆ, ಸೋರಿದಲ್ಲಿ ಹೊಳೆಯುವ ಬಣ್ಣ ಬಿಟ್ಟು, ನೀಲಿ ದೀಪ ಹಿಡಿದು ತೋರಿಸಿದರು. ಕಾರಿನ ಮುಂಭಾಗದ ಜಾಲರಿಯಂಥ ಭಾಗವನ್ನು ದಕ್ಕೆಯ ಉಪ್ಪುಗಾಳಿ ತಿಂದುಹಾಕಿತ್ತು. ಅಲ್ಲಿ ಸಾಸಿವೆಗಿಂತಲೂ ಸಣ್ಣ ತೂತು. ಮೂರು ಬೇಸಿಗೆಯ ಗ್ಯಾಸೆಲ್ಲ ಅದರಿಂದಲೇ ಹೋದದ್ದು. ಹೋದದ್ದು ಆಕಾಶಕ್ಕೆ, ಭೂಮಿಯ ಸೆಕೆ ಹೆಚ್ಚಿಸುವುದು ಇಂಥದ್ದೇ ಎಂದರು ಅವರು. ಆ ಭಾಗ ಬದಲಿಸಿದರು. ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಮೆಷಿನಿನಿಂದ ಹೀರಿ ತೆಗೆದರು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿದ್ದ ತೂಕದಷ್ಟೇ ಗ್ಯಾಸ್ ಹಾಕಿದರು. ಹೆಚ್ಚು ಹಾಕಿದರೂ ಯಂತ್ರ ಕೆಡುತ್ತದಂತೆ. ಒಂದು ದಿನ ಹಿಡಿಯಿತು. ಇವರು ಹತ್ತಿರ ನಿಂತು ಎಲ್ಲವನ್ನೂ ನೋಡಿದರು.

ಈಗ ಕಾರು ತಂಪಾಗಿದೆ. ಯಶ್ಮಿತಾ ಗಾಜು ಮುಚ್ಚಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾಳೆ. ಮುಂದಿನ ಸೀಟಿನಲ್ಲಿ ಕುಳಿತು ಇವರ ಜೊತೆ ಈಗ ನಾನೂ ದಕ್ಕೆಗೆ ಹೋಗುತ್ತೇನೆ. ಅಲ್ಲಿ ಇವರು ಎಡಗೈಯಿಂದ ಮೀನು ಒತ್ತಿ ನೋಡುತ್ತಾರೆ, ನಂಬಿಕೆ ಬರುವುದಿಲ್ಲ. ಮೀನನ್ನು ನನ್ನ ಕಡೆ ನೂಕುತ್ತಾರೆ.

“ನೀನು ಒತ್ತಿ ಹೇಳು. ಎಂತ ಗೊತ್ತಾಗ್ತದೆ?”

ನನಗೆ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ. ಕಲಿಯುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾರಿನ ಎಸಿ ವರ್ಷವರ್ಷವೂ ಬಿಸಿಯಾಗುತ್ತಿದ್ದರೆ ಬರಿ ಗ್ಯಾಸ್ ತುಂಬಿಸಿ ಬರಬೇಡಿ, ಎಲ್ಲಿ ಸೋರುತ್ತಿದೆ ಎಂದು ಕೇಳಿ. ಕೆಲಸ ತಿಳಿದವರ ಕೈಗೇ ಕೊಡಿ. ಯಾರಿಗಾದರೂ ಆ ಗ್ಯಾಸ್ ತಾಗಿದರೆ ಉಜ್ಜಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಕಣ್ಣಿಗೆ ಹಾರಿದರೆ ಶುದ್ಧ ನೀರಿನಿಂದ ಕಾಲು ಗಂಟೆ ತೊಳೆಯುತ್ತಿರಿ. ಆಮೇಲೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ನಿಮ್ಮವರು ಬೆಳ್ಳಗಾದ ಬೆರಳು ಹಿಡಿದುಕೊಂಡು ಅಡುಗೆಮನೆಗೆ ಬಂದರೆ, ನನ್ನ ಹಾಗೆ ಒಲೆ ಹಚ್ಚಿ ಕೊಡಬೇಡಿ.