ನಲವತ್ತಾರು ಪಾತ್ರೆಗಳು

"ಸಿಸ್ಟರಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಸಮಾಜಶಾಸ್ತ್ರನೋ, ಅಡುಗೆಶಾಸ್ತ್ರನೋ?"

ಟೈಪಿಂಗ್ ಅಂಗಡಿಯ ಮಾಮ ಕನ್ನಡಕವನ್ನು ಹಣೆಗೇರಿಸಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಬೆಳಗಿನ ಪಾಳಿ ಮುಗಿಸಿ, ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಬಂದು ಸ್ಟೂಲಿನ ಮೇಲೆ ಕುಸಿದಿದ್ದ ನರ್ಸಮ್ಮ ಕಣ್ಣು ಕಿರಿದು ಮಾಡಿ ಓದಿದಳು: 'ಸಮಾಜದಲ್ಲಿ ಪ್ರತಿಯೊಬ್ಬ ವ್ಯಕ್ತಿಯೂ ಹಲವು ಪಾತ್ರೆಗಳನ್ನು ನಿರ್ವಹಿಸುತ್ತಾನೆ. ಎರಡು ಪಾತ್ರೆಗಳ ನಡುವೆ ಸಂಘರ್ಷ ಉಂಟಾದಾಗ...'

"ಅಯ್ಯೋ ಮಾಮ! ಪಾತ್ರ ಅದು, ಪಾತ್ರ! ನಾಟಕದ ಪಾತ್ರ!"

"ನಾನೇನು ಮಾಡ್ಲಿ? ನಿಮ್ಮ ತಲೆಕಟ್ಟು ಬಾಲ ಎತ್ಕೊಂಡು ಎತ್ವ ಆಗಿದೆ. ಇದ್ದದ್ದನ್ನ ಇದ್ದ ಹಾಗೇ ಹೊಡೆದೆ. ಎಣಿಸಿ ನೋಡ್ದೆ, ನಲವತ್ತಾರು ಪಾತ್ರೆ. ಅಷ್ಟನ್ನೂ ಒಂದೇ ಸಿಂಕಿಗೆ ಹಾಕಿದ್ರೆ ಸಂಘರ್ಷ ಆಗ್ದೆ ಇರತ್ತಾ?"

ಅವಳು ತನ್ನ ಕೈಬರಹ ನೋಡಿಕೊಂಡಳು. ಮಾಮನದೇನೂ ತಪ್ಪಿರಲಿಲ್ಲ. ಒಂದು ಇಂಜೆಕ್ಷನ್ನಿಗೂ ಇನ್ನೊಂದಕ್ಕೂ ನಡುವೆ, ವಾರ್ಡಿನ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ನಿಂತುಕೊಂಡೇ ಬರೆದ ಅಕ್ಷರಗಳು. ಒಂದೊಂದೂ ಅಡ್ಡಾಗಲು ಜಾಗ ಹುಡುಕುತ್ತಿತ್ತು.

ಹೆಸರಿಗೆ ದೂರಶಿಕ್ಷಣ. ಐದು ವರ್ಷವಾದರೂ ಪದವಿ ದೂರ, ಶಿಕ್ಷೆ ಹತ್ತಿರ. ಪಾಸಾದರೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ, ಪಾಳಿಯ ಕಾಟವಿಲ್ಲದ ಕೆಲಸ ಸಿಗುತ್ತದೆ. ಉಳಿದಿದ್ದು ಇದೊಂದೇ ಪ್ರಬಂಧ: 'ಪಾತ್ರ ಸಿದ್ಧಾಂತ: ಒಂದು ವಿಮರ್ಶಾತ್ಮಕ ವಿಶ್ಲೇಷಣೆ'. ಎರಡು ಸಲ ವಾಪಸ್ಸು ಬಂದಿತ್ತು. ಇವತ್ತು ಸಂಜೆ ಐದರೊಳಗೆ ಕೊಡದಿದ್ದರೆ, ಅಥವಾ ಕೊಟ್ಟದ್ದು ಮತ್ತೆ ತಿರಸ್ಕಾರವಾದರೆ, ನೋಂದಣಿಯೇ ರದ್ದು.

"ಎರಡು ಸಲ ಯಾಕೆ ವಾಪಸ್ ಕಳ್ಸಿದ್ರು?" ಮಾಮ ಕೇಳಿದ.

ಅವಳು ಗದ್ದವನ್ನು ಕತ್ತಿನೊಳಗೆ ಎಳೆದುಕೊಂಡು ಮೂಗಿನಿಂದ ಮೇಷ್ಟ್ರ ಸ್ವರ ತೆಗೆದಳು. "'ಸಿದ್ಧಾಂತ ಏನು ಹೇಳತ್ತೆ ಅಂತ ಒಪ್ಪಿಸಿದ್ದೀರಿ. ಇದು ವರದಿ ಅಮ್ಮಾ. ವಿಮರ್ಶೆ ಎಲ್ಲಿ? ನಿಮ್ಮ ಧ್ವನಿ ಎಲ್ಲಿ?' ನನ್ನ ಧ್ವನಿ ವಾರ್ಡಲ್ಲಿ ಕೂಗಿ ಕೂಗಿ ಬಿದ್ದುಹೋಗಿದೆ ಸಾರ್ ಅನ್ನೋಣ ಅನ್ನಿಸ್ತು."

ಮಾಮ ಹೊಟ್ಟೆ ಕುಲುಕಿಸಿ ನಕ್ಕ. ನಗುತ್ತಲೇ ಯಾವುದೋ ಒಂದು ಗುಂಡಿ ಒತ್ತಿದ. ನಲವತ್ತಾರು ಪಾತ್ರೆಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಪಾತ್ರಗಳಾದವು. ಕೊನೆಯ ಪುಟಕ್ಕೆ ಬಂದು ನಿಂತ. 'ವಿಮರ್ಶೆ' ಎಂಬ ತಲೆಬರಹ. ಕೆಳಗೆ ಬರೀ ಬಿಳಿ.

"ಇಲ್ಲೇ ಹೇಳ್ತೀನಿ, ಹೊಡೀರಿ," ಎಂದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿದ್ದಳು. ಯೋಚಿಸುತ್ತ ಎರಡು ನಿಲ್ದಾಣ ನಿದ್ದೆಯನ್ನೂ ಮಾಡಿದ್ದಳು. "ಆದಾಗ್ಯೂ..."

ಮಾಮ ಹೊಡೆದು ಕಾದ. ಗಡಿಯಾರದಲ್ಲಿ ನಾಲ್ಕು ದಾಟಿತು.

"ಸಿಸ್ಟರಮ್ಮಾ, ಆದಾಗ್ಯೂ ಆದ್ಮೇಲೆ ಏನೂ ಆಗ್ಲಿಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ಅಜ್ಜಿ ಹಾಲಿಟ್ಟು ಮರೆತುಬಿಟ್ರು, ತಳ ಹಿಡೀತು. ನೀರು ಹಾಕಿಟ್ಟಿದಾರೆ. ನೀನು ಬಂದ್ಮೇಲೆ ಉಜ್ಜಿದ್ರಾಯ್ತಂತೆ."

"ಹೂಂ. ನೀನು ಕೆರೆಯೋಕೆ ಹೋಗ್ಬೇಡ. ನೆನೀಲಿ."

ಫೋನು ಕೆಳಗಿಟ್ಟ ಕೈಯನ್ನೇ ಅವಳು ಸ್ವಲ್ಪ ಹೊತ್ತು ನೋಡಿದಳು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಔಷಧದ ವಾಸನೆ ಇತ್ತು.

"ಆ ಆದಾಗ್ಯೂ ಅಳಿಸಿ ಮಾಮ. ಈಗ ಹೊಡೀರಿ. 'ವ್ಯಕ್ತಿ ಒಂದು ಪಾತ್ರವನ್ನು ಕಳಚಿ ಇನ್ನೊಂದನ್ನು ತೊಡುತ್ತಾನೆ ಎನ್ನುತ್ತದೆ ಈ ಸಿದ್ಧಾಂತ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತನೇ ಹಾಸಿಗೆಯ ಮುದುಕರ ಕಣ್ಣು ಮುಚ್ಚಿಸಿದೆ. ಸಂಜೆ ಅದೇ ಕೈಯಿಂದ ಮಗಳ ತಲೆ ಬಾಚುತ್ತೇನೆ. ನಡುವೆ ನಾನು ಏನನ್ನೂ ಕಳಚಿದ್ದು ನೆನಪಿಲ್ಲ. ವೇಷವನ್ನು ಗೂಟಕ್ಕೆ ನೇತುಹಾಕಿ ಹೋಗಬಹುದು. ನಾವು ನಿರ್ವಹಿಸುವುದು ಪಾತ್ರಗಳನ್ನಲ್ಲ, ಪಾತ್ರೆಗಳನ್ನು. ಖಾಲಿ ಮಾಡಿದರೂ ತಳ ಹಿಡಿದದ್ದು ಉಳಿಯುತ್ತದೆ. ಅದರ ಮೇಲೇ ಮುಂದಿನದನ್ನು ಸುರಿಯುತ್ತೇವೆ. ತಳದ ಬಗ್ಗೆ ಈ ಸಿದ್ಧಾಂತದಲ್ಲಿ ಒಂದು ಸಾಲೂ ಇಲ್ಲ.'"

ಮಾಮನ ಬೆರಳು ನಿಂತಿತು. ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡ.

"ಇದು... ಬೇಕಂತಲೇ ಎತ್ವನಾ?"

"ಬೇಕಂತಲೇ."

ದೂರಶಿಕ್ಷಣ ಕಚೇರಿ ಎರಡು ಬೀದಿ ಆಚೆ, ಮೂರನೇ ಮಹಡಿ. ಐದಕ್ಕೆ ಎಂಟು ನಿಮಿಷವಿರುವಾಗ ಅವಳು ಏದುಸಿರು ಬಿಡುತ್ತ ಕಿಂಡಿಯೊಳಗೆ ಹಾಳೆಗಳನ್ನು ತೂರಿಸಿದಳು. ಗುಮಾಸ್ತರು ಎದ್ದು ಹೊರಡುವ ತಯಾರಿಯಲ್ಲಿದ್ದರು. ಪುಟ ಎಣಿಸುತ್ತ ಹೋಗಿ ಕೊನೆಯದರಲ್ಲಿ ತಡೆದರು.

"ಇಲ್ಲೊಂದು ಅಕ್ಷರ ತಪ್ಪಿದೆಯಲ್ಲಮ್ಮಾ. ಪಾತ್ರೆ ಅಂತ ಆಗಿದೆ. ಪೆನ್ನು ಕೊಡ್ತೀನಿ, ತಿದ್ದಿಬಿಡಿ."

"ತಪ್ಪಲ್ಲ ಸಾರ್."

"ಮೇಷ್ಟ್ರು ಕೆಂಪು ಶಾಯಿ ಹಿಡ್ಕೊಂಡೇ ಹುಟ್ಟಿರೋರು. ಇದು ನಿಮ್ಮ ಕೊನೇ ಸಲ ಬೇರೆ, ಇಲ್ಲಿ ಬರ್ದಿದೆ ನೋಡಿ. ಆಮೇಲೆ ನಂಗೆ ಹೇಳ್ಲಿಲ್ಲ ಅನ್ಬೇಡಿ."

ಅವಳ ಕೈ ಪೆನ್ನಿನವರೆಗೆ ಹೋಯಿತು. ಮುಟ್ಟಿ, ಹಿಂದೆ ಬಂತು.

"ಇರ್ಲಿ ಸಾರ್. ಮೊಹರು ಹಾಕಿ."

ಗುಮಾಸ್ತರು ಹಾಕಿದರು. ಕಿಂಡಿ ಮುಚ್ಚಿತು.

ಮೆಟ್ಟಿಲಿಳಿಯುತ್ತ ಎರಡನೇ ಮಹಡಿಯ ತಿರುವಿನಲ್ಲಿ ಅವಳು ಕೂತುಬಿಟ್ಟಳು. ಕಚೇರಿ ಬಿಟ್ಟವರು ಊಟದ ಡಬ್ಬಿ, ಛತ್ರಿ ಹಿಡಿದು ಅವಳ ಅಕ್ಕಪಕ್ಕದಲ್ಲೇ ಹರಿದುಹೋದರು. ಯಾರೋ ಹಿಂದಿನಿಂದ, "ಸ್ವಲ್ಪ ಜಾಗ," ಎಂದರು. ಅವಳು ಗೋಡೆಯ ಕಡೆಗೆ ಒಂದಿಷ್ಟು ಸರಿದಳು. ಏಳಲಿಲ್ಲ.